ಕಾಯಬಹುದಾದ ಶಸ್ತ್ರಚಿಕಿತ್ಸೆ: ರಕ್ತ ಹೆಪ್ಪುಗಟ್ಟುವ ದೋಷವಿದ್ದವರು ತೂಗಿ ನೋಡಬೇಕಾದದ್ದು

ಕೂದಲು ಕಸಿ, ಮೂಗಿನ ಆಕಾರ ತಿದ್ದುವುದು, ಹೊಟ್ಟೆಯ ಕೊಬ್ಬು ತೆಗೆಸುವುದು ಇವೆಲ್ಲ ಮುಂಬಯಿ, ಪುಣೆ, ಬೆಂಗಳೂರಿನ ಮಾತಾಗಿದ್ದ ಕಾಲ ಮುಗಿದಿದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆಗಳಲ್ಲೂ ಈಗ ಇಂಥ ಚಿಕಿತ್ಸೆಯ ಫಲಕಗಳು ಕಾಣುತ್ತವೆ. ಫಲಕವಿಲ್ಲದ ಹಳ್ಳಿಗೆ ಮೊಬೈಲಿನ ರೀಲ್ಸ್ ಮೂಲಕ ಜಾಹೀರಾತು ತಲುಪುತ್ತದೆ, ಕಂತಿನಲ್ಲಿ ಹಣ ಕಟ್ಟುವ ಸೌಲಭ್ಯವೂ ಅದರ ಬೆನ್ನಿಗೇ ಬರುತ್ತದೆ. ನೋಡುವವರೆಲ್ಲರ ರಕ್ತವೂ ಗಾಯವಾದಾಗ ಸರಿಯಾಗಿ ಹೆಪ್ಪುಗಟ್ಟುತ್ತದೆ, ಗಾಯವಿಲ್ಲದಾಗ ಸರಾಗವಾಗಿ ಹರಿಯುತ್ತದೆ ಎಂದು ಈ ಜಾಹೀರಾತುಗಳು ಹೇಳದೆಯೇ ಊಹಿಸಿಕೊಂಡಿರುತ್ತವೆ. ಹಾಗಲ್ಲದವರು ನಮ್ಮ ನಡುವೆಯೇ ಇದ್ದಾರೆ. ಅವರಿಗೂ ಕನ್ನಡಿ ಇದೆ, ಬಯಕೆ ಇದೆ. ಅವರು ಈ ನಿರ್ಧಾರವನ್ನು ಹೇಗೆ ತೂಗಬೇಕು ಎಂಬ ಬಗ್ಗೆ ಕನ್ನಡದಲ್ಲಿ ಸಾವಧಾನದ ಮಾತು ನಡೆದದ್ದು ಕಡಿಮೆ.

ಇಂಥವರಿಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಸಿಗುತ್ತದೆ. ಮನೆಯ ಹಿರಿಯರು “ಆರಾಮ ಇದ್ದೀ, ಸುಮ್ಮನ ಯಾಕ ಮೈಮ್ಯಾಲ ಎಳಕೋತಿ” ಎಂದು ಮಾತು ಮುಗಿಸುತ್ತಾರೆ. ಚಿಕಿತ್ಸೆಯ ಪ್ಯಾಕೇಜು ಮಾರುವವರು “ಭಾಳ ಸಣ್ಣದೈತ್ರಿ, ಸಂಜೀಕೆ ಮನಿಗೆ ಹೋಗಬಹುದು” ಎನ್ನುತ್ತಾರೆ. ಎರಡೂ ಕಡೆ ಕೊರತೆ ಒಂದೇ. ದೋಷ ಯಾವುದು, ಅದರ ತೀವ್ರತೆ ಎಷ್ಟು, ಮಾಡಿಸಬೇಕೆಂದಿರುವುದು ಯಾವ ಶಸ್ತ್ರಚಿಕಿತ್ಸೆ ಎಂದು ಇಬ್ಬರೂ ವಿಚಾರಿಸುವುದಿಲ್ಲ. ಸುಟ್ಟ ಗಾಯದ ಕಲೆಯನ್ನು ದಿನವೂ ಸೆರಗಿನಲ್ಲಿ ಮುಚ್ಚಿಕೊಳ್ಳುವ ಹೆಣ್ಣುಮಗಳಿಗೆ, ಉಬ್ಬಿದ ಎದೆಯ ಕಾರಣಕ್ಕೆ ಗೆಳೆಯರೊಂದಿಗೆ ಹೊಳೆಗೆ ಇಳಿಯಲು ನಾಚುವ ಹುಡುಗನಿಗೆ ಈ ಬಯಕೆ ಶೋಕಿಯಲ್ಲ, ಅದನ್ನು ಹೊರಗಿನವರು ಅಳೆಯುವುದೂ ಸರಿಯಲ್ಲ. ಆದರೆ ಈ ಶಸ್ತ್ರಚಿಕಿತ್ಸೆಗಳಿಗೆ ಒಂದು ವಿಶೇಷ ಗುಣವಿದೆ. ಕರುಳು ತೂತಾದರೆ, ಹೆರಿಗೆ ಕಷ್ಟವಾದರೆ, ಅಪಘಾತವಾದರೆ ರಕ್ತದ ದೋಷವಿದ್ದರೂ ಆ ರಾತ್ರಿಯೇ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಮೂಗಿನ ಆಕಾರಕ್ಕೆ ಅಂಥ ಗಡುವಿಲ್ಲ. ಆರು ತಿಂಗಳು ಕಾದರೆ ಆರೋಗ್ಯಕ್ಕೆ ನಷ್ಟವೇನೂ ಇಲ್ಲ. ರಕ್ತದ ದೋಷವಿದ್ದವರ ಕೈಯಲ್ಲಿರುವ ಅತಿ ದೊಡ್ಡ ಬಲ ಈ ಕಾಲಾವಕಾಶವೇ, ಮತ್ತು ತೂಗಿ ನೋಡುವುದೆಂದರೆ ಬಹುಪಾಲು ಈ ಕಾಲಾವಕಾಶವನ್ನು ಪೂರ್ತಿಯಾಗಿ ಬಳಸಿಕೊಳ್ಳುವುದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಮೊದಲು ಹೆಪ್ಪುಗಟ್ಟುವ ಕ್ರಿಯೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಘಟಪ್ರಭಾ ಕಾಲುವೆಯ ದಂಡೆ ಒಡೆದಾಗ ರೈತರು ಮೊದಲು ಕಲ್ಲು, ಮುಳ್ಳುಕಂಟಿ ತುಂಬಿ ನೀರಿನ ರಭಸ ತಡೆಯುತ್ತಾರೆ, ಆಮೇಲೆ ಮಣ್ಣು ಬಿಗಿದು ಗಟ್ಟಿ ಮಾಡುತ್ತಾರೆ. ರಕ್ತನಾಳ ಹರಿದಾಗಲೂ ಕೆಲಸ ಹೀಗೆಯೇ ಎರಡು ಹಂತದಲ್ಲಿ ನಡೆಯುತ್ತದೆ. ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳು ಮೊದಲು ಬಂದು ಗಾಯದ ಬಾಯಿಗೆ ಕೂರುತ್ತವೆ, ಅವುಗಳನ್ನು ಅಲ್ಲಿ ಹಿಡಿದು ನಿಲ್ಲಿಸುವ ಅಂಟು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನು. ನಂತರ 8, 9 ಮೊದಲಾದ ಸಂಖ್ಯೆಗಳಿಂದ ಗುರುತಿಸುವ ಫ್ಯಾಕ್ಟರ್ ಎಂಬ ಪ್ರೋಟೀನುಗಳು ಒಂದನ್ನೊಂದು ಎಚ್ಚರಿಸುತ್ತ ಹೋಗಿ ಫೈಬ್ರಿನ್ ಎಂಬ ಎಳೆಗಳ ಜಾಲ ಹೆಣೆಯುತ್ತವೆ, ಕೊನೆಯಲ್ಲಿ 13ನೆಯ ಫ್ಯಾಕ್ಟರ್ ಆ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಈ ಕೆಲಸ ಗಾಯದಾಚೆ ಹಬ್ಬದಂತೆ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಎಂಬ ಕಾವಲುಗಾರರು ತಡೆಯುತ್ತಾರೆ. ಮೊದಲ ಸಾಲಿನವು ಕಡಿಮೆಯಾದರೆ ರಕ್ತ ನಿಲ್ಲುವುದಿಲ್ಲ, ಕಾವಲಿನವು ಕಡಿಮೆಯಾದರೆ ಗಾಯವಿಲ್ಲದ ನಾಳದಲ್ಲೂ ರಕ್ತ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಜನ ಎರಡನ್ನೂ ‘ರಕ್ತದ ದೋಷ’ ಎಂದೇ ಕರೆಯುತ್ತಾರೆ, ಆದರೆ ಒಂದರ ಔಷಧ ಇನ್ನೊಂದಕ್ಕೆ ಅಪಾಯ.

ರಕ್ತಸ್ರಾವದ ಕಡೆಯ ಕಾಯಿಲೆಗಳಲ್ಲಿ ಹೆಚ್ಚು ಪರಿಚಿತವಾದದ್ದು ಹಿಮೋಫಿಲಿಯಾ. ಅದರ ‘ಎ’ ಬಗೆಯಲ್ಲಿ 8ನೆಯ ಫ್ಯಾಕ್ಟರ್, ‘ಬಿ’ ಬಗೆಯಲ್ಲಿ 9ನೆಯ ಫ್ಯಾಕ್ಟರ್ ಕಡಿಮೆಯಿರುತ್ತದೆ. ‘ಎ’ ಬಗೆ ಸುಮಾರು 5,000 ಗಂಡು ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಫ್ಯಾಕ್ಟರಿನ ಪ್ರಮಾಣ ಶೇ 1ಕ್ಕಿಂತ ಕಡಿಮೆಯಿದ್ದರೆ ತೀವ್ರ, 1ರಿಂದ 5ರವರೆಗೆ ಮಧ್ಯಮ, 5ರಿಂದ 40ರವರೆಗೆ ಸೌಮ್ಯ ಎಂದು ವಿಂಗಡಿಸುತ್ತಾರೆ. ತೀವ್ರ ಬಗೆಯವರಿಗೆ ತಮ್ಮ ಕಾಯಿಲೆ ಚಿಕ್ಕಂದಿನಿಂದಲೇ ಗೊತ್ತಿರುತ್ತದೆ, ಆದ್ದರಿಂದ ಅವರು ಎಚ್ಚರವಾಗಿರುತ್ತಾರೆ. ನಿಜವಾದ ಆತಂಕ ಸೌಮ್ಯ ಬಗೆಯವರದು: ಇಪ್ಪತ್ತೈದು ವರ್ಷ ಆರಾಮಾಗಿ ಓಡಾಡಿಕೊಂಡಿದ್ದು, ಮೊದಲ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಅವರ ಕಾಯಿಲೆ ಬೆಳಕಿಗೆ ಬರಬಹುದು. ಹೆಣ್ಣುಮಕ್ಕಳ ವಿಷಯದಲ್ಲಿ ಕಡೆಗಣನೆ ಇನ್ನೂ ಹೆಚ್ಚು. ಹಿಮೋಫಿಲಿಯಾ ಇರುವವನ ತಾಯಿ, ಅಕ್ಕತಂಗಿಯರು ಕೇವಲ ‘ವಾಹಕರು’ ಎಂಬ ಮಾತು ಬಳಕೆಯಲ್ಲಿದೆ. ಅವರಲ್ಲಿ ಹಲವರ ಫ್ಯಾಕ್ಟರ್ ಪ್ರಮಾಣವೂ ಶೇ 40ಕ್ಕಿಂತ ಕೆಳಗಿರುತ್ತದೆ ಎಂಬುದು ಮರೆತುಹೋಗುತ್ತದೆ. 1926ರಲ್ಲಿ ಫಿನ್‌ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಓಲಾಂಡ್ ದ್ವೀಪಗಳ ಒಂದು ಕುಟುಂಬದಲ್ಲಿ ಕಂಡು ವರ್ಣಿಸಿದ, ಮೇಲೆ ಹೇಳಿದ ಅಂಟು ಪ್ರೋಟೀನಿನ ಕೊರತೆ ಅಥವಾ ದೋಷದಿಂದ ಬರುವ, ಈಗ ಅವರ ಹೆಸರಿನಲ್ಲೇ ಕರೆಯುವ ಕಾಯಿಲೆ ಹೆಣ್ಣುಗಂಡೆನ್ನದೆ ಬರುತ್ತದೆ. ಮುಟ್ಟಿನಲ್ಲಿ ವಾರಗಟ್ಟಲೆ ಸ್ರಾವವಾಗುವುದನ್ನು “ನಮ್ಮ ಮನ್ಯಾಗ ಎಲ್ಲಾರಿಗೂ ಹಂಗ” ಎಂದು ಸುಮ್ಮನಾಗುವ ಮನೆಗಳಲ್ಲಿ ಅದು ತಲೆಮಾರುಗಟ್ಟಲೆ ಹೆಸರಿಲ್ಲದೆ ಉಳಿಯುತ್ತದೆ.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಸಂಗತಿಯಿದೆ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇಲ್ಲಿ ಇನ್ನೂ ಜೀವಂತವಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವರು ರಕ್ತಸಂಬಂಧದಲ್ಲಿ ಮದುವೆಯಾದವರು. ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಅಪರೂಪದ ಕಾಯಿಲೆಗಳು ಇಂಥ ಕುಟುಂಬಗಳಲ್ಲಿ ಹೆಚ್ಚು: ಪ್ಲೇಟ್‌ಲೆಟ್‌ಗಳ ಸಂಖ್ಯೆ ಸರಿಯಿದ್ದೂ ಅವು ಒಂದಕ್ಕೊಂದು ಅಂಟದ ಗ್ಲಾಂಝ್‌ಮನ್ ಕಾಯಿಲೆ, ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ ಅತಿ ತೀವ್ರವಾದ ಮೂರನೆಯ ಬಗೆ, 13ನೆಯ ಫ್ಯಾಕ್ಟರಿನ ಕೊರತೆ. ಕೊನೆಯದು ಸೌಂದರ್ಯ ಶಸ್ತ್ರಚಿಕಿತ್ಸೆಯ ದೃಷ್ಟಿಯಿಂದ ತುಂಬ ಮೋಸದ್ದು. ರಕ್ತ ಹೆಪ್ಪುಗಟ್ಟುತ್ತದೆ, ಗಾಯ ಒಣಗಿದಂತೆ ಕಾಣುತ್ತದೆ, ರೋಗಿಯನ್ನು ಮನೆಗೆ ಕಳಿಸುತ್ತಾರೆ. ಬೆಸುಗೆಯಿಲ್ಲದ ಆ ಹೆಪ್ಪು ಒಂದೆರಡು ದಿನದಲ್ಲಿ ಕರಗಿ ರಕ್ತ ಮತ್ತೆ ಹರಿಯುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ಎಲ್ಲೆಡೆ ಮಾಡಿಸುವ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿಟಿ, ಎಪಿಟಿಟಿ ಎಂಬ ಎರಡು ಪರೀಕ್ಷೆಗಳೂ ಈ ಕಾಯಿಲೆಯಲ್ಲಿ ಪೂರ್ತಿ ಸರಿಯಾಗಿಯೇ ಬರುತ್ತವೆ.

ಆದ್ದರಿಂದ ‘ಬ್ಲಡ್ ರಿಪೋರ್ಟ್ ನಾರ್ಮಲ್ ಐತಿ’ ಎಂಬ ಮಾತಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಸೌಮ್ಯ ಹಿಮೋಫಿಲಿಯಾದಲ್ಲಿ, ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ ಸೌಮ್ಯ ರೂಪದಲ್ಲಿ, ಪ್ಲೇಟ್‌ಲೆಟ್ ಕೆಲಸದ ದೋಷದಲ್ಲಿ ಈ ಸಾಮಾನ್ಯ ಪರೀಕ್ಷೆಗಳು ಸರಿಯಿರಬಹುದು. ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರಿನ ಪ್ರಮಾಣವೇ ಸ್ಥಿರವಾದದ್ದಲ್ಲ: ಗಾಬರಿ, ಜ್ವರ, ಗರ್ಭ, ಹಾರ್ಮೋನ್ ಗುಳಿಗೆ ಇವೆಲ್ಲ ಅದನ್ನು ತಾತ್ಕಾಲಿಕವಾಗಿ ಏರಿಸುತ್ತವೆ, ಒ ರಕ್ತದ ಗುಂಪಿನವರಲ್ಲಿ ಅದು ಸಹಜವಾಗಿಯೇ ಸ್ವಲ್ಪ ಕಡಿಮೆ. ಒಂದು ಸಲ ಸರಿಯಾಗಿ ಬಂದರೂ ಮತ್ತೊಮ್ಮೆ ನೋಡಬೇಕಾಗುತ್ತದೆ. ಪರೀಕ್ಷೆಗಿಂತ ಮೊದಲು, ಪರೀಕ್ಷೆಗಿಂತ ಹೆಚ್ಚಾಗಿ, ಬೆಲೆಯುಳ್ಳದ್ದು ರಕ್ತಸ್ರಾವದ ಚರಿತ್ರೆ. ಹುಟ್ಟಿದಾಗ ಹೊಕ್ಕುಳಬಳ್ಳಿ ಉದುರಿದ ಮೇಲೆ ರಕ್ತ ಬಂದಿತ್ತೇ? ಕಿವಿ, ಮೂಗು ಚುಚ್ಚಿಸಿದಾಗ ಎಷ್ಟು ಹೊತ್ತಿಗೆ ನಿಂತಿತು? ಹಲ್ಲು ಕೀಳಿಸಿದ ಮರುದಿನ ದಿಂಬು ಒದ್ದೆಯಾಗಿತ್ತೇ? ಕಬ್ಬಿನ ಗದ್ದೆಯಲ್ಲಿ ಕುಡುಗೋಲು ತಾಗಿದ್ದು ಎಷ್ಟು ದಿನಕ್ಕೆ ಒಣಗಿತು? ತಾಯಿಯ ಹೆರಿಗೆಯಲ್ಲಿ ರಕ್ತ ಕೊಡಿಸಬೇಕಾಯಿತೇ? ಇಂಥ ಪ್ರಶ್ನೆಗಳಿಗೆ ಅಂಕ ಕೊಟ್ಟು ಲೆಕ್ಕ ಹಾಕುವ, ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಪ್ರಶ್ನಾವಳಿಯೇ ಇದೆ. ಶಸ್ತ್ರಚಿಕಿತ್ಸಕರು ಈ ಪ್ರಶ್ನೆಗಳಲ್ಲಿ ಒಂದನ್ನೂ ಕೇಳದೆ ದಿನಾಂಕ ಕೊಟ್ಟರೆ, ಅಲ್ಲಿಂದ ಎದ್ದು ಬರಲು ಅಷ್ಟೇ ಕಾರಣ ಸಾಕು. ಈ ಚರಿತ್ರೆಯನ್ನು ಹೇಳಬಲ್ಲವರು ಬಹಳ ಸಲ ಅಜ್ಜಿಯರು, ಅವ್ವಂದಿರು; ಕ್ಲಿನಿಕ್ಕಿಗೆ ಗುಟ್ಟಾಗಿ ಗೆಳತಿಯೊಂದಿಗೆ ಹೋದವರ ಬಳಿ ಈ ಮಾಹಿತಿ ಇರುವುದಿಲ್ಲ.

ಪರೀಕ್ಷೆ ಮಾಡಿಸುವ ಜಾಗವೂ ಮುಖ್ಯ. ಹೆಪ್ಪುಗಟ್ಟುವಿಕೆಯ ಪರೀಕ್ಷೆಗೆ ಸಿಟ್ರೇಟ್ ಇರುವ ನಳಿಕೆಯಲ್ಲಿ ಗುರುತಿನ ಗೆರೆಯವರೆಗೆ ರಕ್ತ ತುಂಬಬೇಕು, ಗಂಟೆಗಳೊಳಗೆ ಅದರ ಪ್ಲಾಸ್ಮಾ ಬೇರ್ಪಡಿಸಬೇಕು. 8ನೆಯ ಫ್ಯಾಕ್ಟರ್ ಹೊರಗಿಟ್ಟ ಮಾದರಿಯಲ್ಲಿ ಬೇಗ ಕುಸಿಯುತ್ತದೆ. ಇಂಡಿಯಲ್ಲೋ ಹುನಗುಂದದಲ್ಲೋ ತೆಗೆದ ರಕ್ತ ಬಸ್ಸಿನ ಪಾರ್ಸಲಿನಲ್ಲಿ ದೂರದ ಪ್ರಯೋಗಾಲಯ ಸೇರುವಷ್ಟರಲ್ಲಿ, ಇಲ್ಲದ ಕಾಯಿಲೆ ಇದ್ದಂತೆ ತೋರಬಹುದು. ಪರೀಕ್ಷೆ ನಡೆಯುವ ಆಸ್ಪತ್ರೆಗೇ ಹೋಗಿ ರಕ್ತ ಕೊಡುವುದು ಒಂದು ದಿನದ ಕೆಲಸ, ಆದರೆ ಮುಂದಿನ ಎಲ್ಲ ನಿರ್ಧಾರವೂ ಆ ಒಂದು ದಿನದ ಮೇಲೆ ನಿಂತಿರುತ್ತದೆ.

ಯಾವ ಶಸ್ತ್ರಚಿಕಿತ್ಸೆ ಎಂಬ ಪ್ರಶ್ನೆಗೆ ಬಂದರೆ, ಹೊರಗೆ ಕಾಣುವ ಗಾಯದ ಗಾತ್ರದಿಂದ ಅಪಾಯವನ್ನು ಅಳೆಯುವುದು ತಪ್ಪು ದಾರಿ. ಕಣ್ಣಿನ ರೆಪ್ಪೆಯ ಜೋತ ಚರ್ಮ ತೆಗೆಯುವುದು ಒಂದು ಗಂಟೆಯ ಕೆಲಸ, ಹೊಲಿಗೆಯ ಗೆರೆ ಕೂದಲೆಳೆಯಷ್ಟು. ಆದರೆ ಕಣ್ಣುಗುಡ್ಡೆಯ ಹಿಂದೆ ರಕ್ತ ತುಂಬಿಕೊಂಡರೆ ಅದು ದೃಷ್ಟಿನರವನ್ನು ಒತ್ತಿ ಕೆಲವೇ ಗಂಟೆಗಳಲ್ಲಿ ಶಾಶ್ವತ ಕುರುಡು ತರಬಲ್ಲದು. ಆರೋಗ್ಯವಂತರಲ್ಲಿ ತೀರ ಅಪರೂಪವಾದ ಈ ಅವಘಡಕ್ಕೆ ರಕ್ತಸ್ರಾವದ ದೋಷ ದಾರಿ ಮಾಡಿಕೊಡುತ್ತದೆ. ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ಎಲುಬನ್ನೇ ಕತ್ತರಿಸುತ್ತಾರೆ, ರಕ್ತ ಗಂಟಲಿಗೆ ಇಳಿಯುತ್ತದೆ. ಕೂದಲು ಕಸಿಯಲ್ಲಿ ನೆತ್ತಿಯ ತುಂಬ ಸಾವಿರಾರು ಸಣ್ಣ ತೂತುಗಳಾಗುತ್ತವೆ. ಅಲ್ಲಿ ಚುಚ್ಚುವ ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸಿ ಮೇಜಿನ ಮೇಲೆ ಎಲ್ಲವೂ ಶುಭ್ರವಾಗಿ ಕಾಣುವಂತೆ ಮಾಡುತ್ತದೆ. ಅದರ ಪ್ರಭಾವ ಇಳಿಯುವ ಹೊತ್ತಿಗೆ ರೋಗಿ ಮನೆಯ ದಾರಿಯಲ್ಲಿರುತ್ತಾನೆ. ಚರ್ಮದಡಿ ವಿಶಾಲವಾದ ಜಾಗ ಬಿಡಿಸಬೇಕಾದ ಹೊಟ್ಟೆ ಬಿಗಿಯುವ ಶಸ್ತ್ರಚಿಕಿತ್ಸೆ, ಒಳಗೆ ಕಣ್ಣಿಗೆ ಕಾಣದಂತೆ ನಳಿಕೆಯಾಡಿಸುವ ಕೊಬ್ಬು ತೆಗೆಯುವಿಕೆ ಇವುಗಳಲ್ಲಿ ರಕ್ತ ಒಳಗೇ ಸಂಗ್ರಹವಾಗುತ್ತದೆ. ಹಾಗೆ ಸಂಗ್ರಹವಾದ ರಕ್ತ ಸೋಂಕಿಗೆ, ಚರ್ಮ ಕೊಳೆಯುವುದಕ್ಕೆ, ಕಲೆ ಉಳಿಯುವುದಕ್ಕೆ ಕಾರಣವಾಗುತ್ತದೆ. ಚೆಲುವಿಗಾಗಿ ಮಾಡಿಸಿದ ಶಸ್ತ್ರಚಿಕಿತ್ಸೆಯ ಉದ್ದೇಶವೇ ಅಲ್ಲಿಗೆ ಸೋಲುತ್ತದೆ, ಪ್ರಾಣಕ್ಕೆ ಏನೂ ಆಗದಿದ್ದರೂ.

ಇಷ್ಟಾದರೂ ಉತ್ತರ ಸದಾ ‘ಬೇಡ’ ಎಂದೇ ಇರಬೇಕಾಗಿಲ್ಲ. ತಯಾರಿ ಸರಿಯಿದ್ದರೆ ಹಿಮೋಫಿಲಿಯಾ ಇರುವವರಲ್ಲಿ ಮಂಡಿಯ ಕೀಲು ಬದಲಿಸುವಂಥ ದೊಡ್ಡ ಶಸ್ತ್ರಚಿಕಿತ್ಸೆಗಳನ್ನೇ ಯಶಸ್ವಿಯಾಗಿ ಮಾಡುತ್ತಾರೆ. ಆ ತಯಾರಿಯ ಭಾರ ಎಷ್ಟೆಂಬುದನ್ನು ಲೆಕ್ಕದಲ್ಲೇ ನೋಡಬೇಕು. ದೇಹದ ತೂಕದ ಪ್ರತಿ ಕಿಲೋಗೆ ಒಂದು ಯೂನಿಟ್ 8ನೆಯ ಫ್ಯಾಕ್ಟರ್ ಕೊಟ್ಟರೆ ಅದರ ಪ್ರಮಾಣ ಶೇ 2ರಷ್ಟು ಏರುತ್ತದೆ. 60 ಕಿಲೋ ತೂಕದ, ತೀವ್ರ ಹಿಮೋಫಿಲಿಯಾ ಇರುವ ಯುವಕನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ಶೇ 100ರ ಸಮೀಪಕ್ಕೆ ಒಯ್ಯಲು 3,000 ಯೂನಿಟ್ ಬೇಕು, ಅಂದರೆ 250 ಯೂನಿಟ್ಟಿನ 12 ಸೀಸೆಗಳು. ಕೊಟ್ಟದ್ದರಲ್ಲಿ ಅರ್ಧ 8ರಿಂದ 12 ಗಂಟೆಗಳಲ್ಲಿ ಕರಗಿಹೋಗುತ್ತದೆ. ವಿಶ್ವ ಹಿಮೋಫಿಲಿಯಾ ಒಕ್ಕೂಟದ ಮಾರ್ಗಸೂಚಿಯಂತೆ ಮೊದಲ ಮೂರು ದಿನ ಶೇ 60–80, ಆಮೇಲೆ ನಿಧಾನವಾಗಿ ಇಳಿಸುತ್ತ ಎರಡನೆಯ ವಾರದ ಕೊನೆಯವರೆಗೂ ಶೇ 30–50 ಪ್ರಮಾಣ ಉಳಿಸಿಕೊಳ್ಳಬೇಕಾದರೆ ಒಟ್ಟು ಬೇಕಾಗುವುದು ಹತ್ತಾರು ಸಾವಿರ ಯೂನಿಟ್. ಅದಕ್ಕೂ ಮೊದಲು ಇನ್‌ಹಿಬಿಟರ್ ಪರೀಕ್ಷೆ ಆಗಿರಬೇಕು. ತೀವ್ರ ‘ಎ’ ಬಗೆಯವರಲ್ಲಿ ಸುಮಾರು ಶೇ 30ರಷ್ಟು ಜನರ ದೇಹ ಜೀವನದ ಯಾವುದೋ ಹಂತದಲ್ಲಿ ಹೊರಗಿನಿಂದ ಕೊಟ್ಟ ಫ್ಯಾಕ್ಟರನ್ನೇ ನಾಶಮಾಡುವ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುತ್ತದೆ. ಅಂಥವರಿಗೆ ಈ ಲೆಕ್ಕವೆಲ್ಲ ನಿರುಪಯುಕ್ತ, ಸೌಂದರ್ಯಕ್ಕಾಗಿ ಶಸ್ತ್ರಚಿಕಿತ್ಸೆಯ ಯೋಚನೆಯನ್ನೇ ಅವರು ಕೈಬಿಡುವುದು ಲೇಸು ಎಂದು ನಾನು ಹೇಳುತ್ತೇನೆ. ‘ಎ’ ಬಗೆಯಲ್ಲಿ ರಕ್ತಸ್ರಾವ ತಡೆಯಲು ಕೊಡುವ ಎಮಿಸಿಜುಮಾಬ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವರ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಆ ಔಷಧ ಎಪಿಟಿಟಿ ಪರೀಕ್ಷೆಯನ್ನು ಸರಿಯಾಗಿರುವಂತೆ ತೋರಿಸುತ್ತದೆ, ಆದರೆ ದೊಡ್ಡ ಶಸ್ತ್ರಚಿಕಿತ್ಸೆಗೆ ಬೇಕಾದಷ್ಟು ರಕ್ಷಣೆ ಅದೊಂದರಿಂದಲೇ ಸಿಗುತ್ತದೆ ಎಂದು ಭಾವಿಸುವಂತಿಲ್ಲ. ಕಾಯಿಲೆಯ ಪರಿಚಯವಿಲ್ಲದ ವೈದ್ಯರು ಆ ಕಾಗದ ನೋಡಿ ಮೋಸಹೋಗುವ ಸಾಧ್ಯತೆಯಿದೆ.

ಸೌಮ್ಯ ದೋಷದವರ ಹಾದಿ ಇಷ್ಟು ಕಠಿಣವಲ್ಲ. ದೇಹದಲ್ಲೇ ಸಂಗ್ರಹವಾಗಿರುವ ಫ್ಯಾಕ್ಟರನ್ನು ಹೊರಗೆ ತರುವ ಡೆಸ್ಮೋಪ್ರೆಸಿನ್ ಎಂಬ ಔಷಧ ಅವರಲ್ಲಿ ಹಲವರಿಗೆ ಸಾಕಾಗುತ್ತದೆ. ಯಾರಿಗೆ ಸಾಕು ಎಂಬುದು ಮಾತ್ರ ಕೊಟ್ಟು ನೋಡಿಯೇ ತಿಳಿಯಬೇಕು, ಆ ಪ್ರಯೋಗ ಶಸ್ತ್ರಚಿಕಿತ್ಸೆಗೆ ವಾರಗಳ ಮೊದಲೇ ನಡೆಯಬೇಕು, ಮತ್ತು ಔಷಧ ಕೊಟ್ಟ ದಿನ ನೀರು ಕುಡಿಯುವುದಕ್ಕೆ ಮಿತಿ ಹಾಕದಿದ್ದರೆ ರಕ್ತದ ಸೋಡಿಯಂ ಅಪಾಯಕರವಾಗಿ ಇಳಿಯಬಹುದು. ಹೆಪ್ಪು ಬೇಗ ಕರಗದಂತೆ ನೋಡಿಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಎಲ್ಲ ಔಷಧದಂಗಡಿಯಲ್ಲೂ ಸಿಗುವ ಅಗ್ಗದ ಗುಳಿಗೆ, ಬಾಯಿ ಮತ್ತು ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ಅದರ ಉಪಯೋಗ ದೊಡ್ಡದು. ನೋವಿಗೆ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್, ಆಸ್ಪಿರಿನ್ ಕೊಡಬಾರದು, ಪ್ಯಾರಾಸಿಟಮಾಲ್ ಕೊಡಬೇಕು, ಸೊಂಟಕ್ಕೆ ಸೂಜಿ ಚುಚ್ಚಬಾರದು ಎಂಬ ಸೂಚನೆ ಶಸ್ತ್ರಚಿಕಿತ್ಸಕರಿಗೆ ಮಾತ್ರವಲ್ಲ, ರಾತ್ರಿಪಾಳಿಯ ನರ್ಸ್‌ಗೂ, ಊರಿನ ವೈದ್ಯರಿಗೂ ಬರಹದಲ್ಲಿ ತಲುಪಿರಬೇಕು.

ಈ ಭಾಗದವರ ಪಾಲಿಗೆ ನಿರ್ಧಾರ ನಿಲ್ಲುವುದು ಬಹಳ ಸಲ ಶಸ್ತ್ರಚಿಕಿತ್ಸೆಯ ದಿನದ ಮೇಲೆ ಅಲ್ಲ, ಅದರ ನಂತರದ ಎರಡು ವಾರದ ಮೇಲೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಒಳ್ಳೆಯ ಆಸ್ಪತ್ರೆಯಲ್ಲಿ ಕೆಲಸ ಮುಗಿಸಿಕೊಂಡು ಮುದ್ದೇಬಿಹಾಳಕ್ಕೋ ಅಥಣಿಗೋ ಮರಳಿದವರಿಗೆ ಏಳನೆಯ ರಾತ್ರಿ ಗಾಯ ಊದಿಕೊಂಡರೆ ಯಾರು ನೋಡುತ್ತಾರೆ? ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಪ್ರಭಾಕರ ಕೋರೆ ಆಸ್ಪತ್ರೆ ಮತ್ತು ಸರ್ಕಾರದ ಬಿಮ್ಸ್, ವಿಜಯಪುರದಲ್ಲಿ ಬಿಎಲ್‌ಡಿಇ ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳು, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ, ಗಡಿಯ ತಾಲ್ಲೂಕುಗಳ ಜನ ಮೀರಜ್‌ಗೆ, ಸೊಲ್ಲಾಪುರಕ್ಕೆ ಹೋಗುವ ರೂಢಿಯೂ ಹಳೆಯದು. ಇವುಗಳಲ್ಲಿ ತಮಗೆ ಹತ್ತಿರದ ಒಂದು ಆಸ್ಪತ್ರೆಯ ವೈದ್ಯರನ್ನು ಮೊದಲೇ ಕಂಡು, ಇಂಥ ದಿನ ಇಂಥ ಶಸ್ತ್ರಚಿಕಿತ್ಸೆಯಿದೆ, ತೊಂದರೆಯಾದರೆ ಬರುತ್ತೇವೆ, ಬೇಕಾದ ಫ್ಯಾಕ್ಟರ್ ನಿಮ್ಮಲ್ಲಿ ಇರುತ್ತದೆಯೇ ಎಂದು ಕೇಳಿ ಉತ್ತರ ಪಡೆಯದೆ ದಿನಾಂಕ ಗೊತ್ತುಮಾಡಬಾರದು. ಉತ್ತರ ‘ಇಲ್ಲ’ ಎಂದಾದರೆ ಎರಡು ವಾರ ಶಸ್ತ್ರಚಿಕಿತ್ಸೆಯ ಊರಿನಲ್ಲೇ ಬಾಡಿಗೆ ಕೋಣೆ ಹಿಡಿದು ಉಳಿಯುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು.

ಇಲ್ಲಿ ನ್ಯಾಯದ ಒಂದು ಪ್ರಶ್ನೆಯೂ ಏಳುತ್ತದೆ, ಅದನ್ನು ತಪ್ಪಿಸಿಕೊಂಡು ಹೋಗಲಾಗದು. ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿಮೋಫಿಲಿಯಾ ಇರುವವರಿಗೆ ಫ್ಯಾಕ್ಟರನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ, ವಿಶ್ವ ಒಕ್ಕೂಟದ ದಾನದ ಮೂಲಕವೂ ಸ್ವಲ್ಪ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾವನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದ್ದು ಇಂಥ ಬೆಂಬಲಕ್ಕೆ ಬಲ ಕೊಟ್ಟಿದೆ. ಮಂಡಿಯಲ್ಲಿ ರಕ್ತ ತುಂಬಿ ನರಳುತ್ತ ಬರುವ ಮಗುವಿಗಾಗಿ ಇಟ್ಟ ಆ ಸೀಸೆಗಳನ್ನು ಮೂಗಿನ ಆಕಾರಕ್ಕೆ ಬಳಸುವುದು ಸರಿಯೇ? ಸರಿಯಲ್ಲ ಎಂದೇ ನನ್ನ ಉತ್ತರ. ಸುಟ್ಟು ಅಂಟಿಕೊಂಡ ಕತ್ತು ಬಿಡಿಸುವುದು, ಸೀಳುತುಟಿ ಸರಿಪಡಿಸುವುದು ಚೆಲುವಿನ ಲೆಕ್ಕಕ್ಕೆ ಬರುವುದಿಲ್ಲ, ಅವಕ್ಕೆ ಸಾರ್ವಜನಿಕ ಸಂಗ್ರಹದ ಮೇಲೆ ಪೂರ್ತಿ ಹಕ್ಕಿದೆ. ಶುದ್ಧ ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಬೇಕಾದ ಫ್ಯಾಕ್ಟರನ್ನು ಮಾತ್ರ ಸ್ವಂತ ಹಣದಲ್ಲಿ ಕೊಳ್ಳಬೇಕು, ಜೊತೆಗೆ ಅನಿರೀಕ್ಷಿತ ರಕ್ತಸ್ರಾವಕ್ಕೆಂದು ಮೀಸಲು ಸೀಸೆಗಳನ್ನೂ. ಆರೋಗ್ಯ ವಿಮೆ ಸೌಂದರ್ಯ ಚಿಕಿತ್ಸೆಯನ್ನು ಹೊರಗಿಡುತ್ತದೆ ಎಂಬುದು ನೆನಪಿರಲಿ. ಪ್ಯಾಕೇಜಿನ ದರಕ್ಕಿಂತ ಫ್ಯಾಕ್ಟರಿನ ಖರ್ಚೇ ಹಲವು ಪಟ್ಟು ಹೆಚ್ಚಾಗುವುದು ತೀವ್ರ ಕಾಯಿಲೆಯಲ್ಲಿ ಸಹಜ, ಮತ್ತು ಅನೇಕರ ಪಾಲಿಗೆ ನಿರ್ಧಾರ ಇಲ್ಲಿಯೇ ಆಗಿಬಿಡುತ್ತದೆ.

ಬೇಡದ ಕಡೆ ಹೆಪ್ಪುಗಟ್ಟುವವರ ಮಾತು ಬೇರೆ. ಇವರು ಮೇಜಿನ ಮೇಲೆ ತೊಂದರೆ ಕೊಡುವುದಿಲ್ಲ, ಆದ್ದರಿಂದಲೇ ಇವರ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಕಾಲಿನ ಆಳದ ನಾಳದಲ್ಲಿ ಗಟ್ಟಿಯಾದ ರಕ್ತ ಕಳಚಿ ಶ್ವಾಸಕೋಶಕ್ಕೆ ಹೋದರೆ ನಿಮಿಷಗಳಲ್ಲಿ ಪ್ರಾಣ ಹೋಗಬಹುದು, ಮತ್ತು ಈ ಅಪಾಯ ಶಸ್ತ್ರಚಿಕಿತ್ಸೆಯ ನಂತರ ಮೂರನೆಯ ವಾರದ ಸುಮಾರಿಗೆ ಅತಿ ಹೆಚ್ಚಾಗಿದ್ದು ತಿಂಗಳುಗಳವರೆಗೆ ಉಳಿಯುತ್ತದೆ. ಸೌಂದರ್ಯ ಶಸ್ತ್ರಚಿಕಿತ್ಸೆಗಳಲ್ಲಿ ಹೊಟ್ಟೆ ಬಿಗಿಯುವುದು ಈ ದೃಷ್ಟಿಯಿಂದ ಎಲ್ಲಕ್ಕಿಂತ ಅಪಾಯಕಾರಿ: ಹೊಟ್ಟೆಯ ಸ್ನಾಯುಗಳನ್ನು ಎಳೆದು ಹೊಲಿದಾಗ ಒಳಗಿನ ಒತ್ತಡ ಏರಿ ಕಾಲಿನಿಂದ ಮೇಲೆ ಬರುವ ರಕ್ತ ನಿಧಾನವಾಗುತ್ತದೆ, ನೋವಿನಿಂದ ನಡೆದಾಟವೂ ಕಡಿಮೆಯಾಗುತ್ತದೆ. ಅಮೆರಿಕದ ವೈದ್ಯ ಜೋಸೆಫ್ ಕ್ಯಾಪ್ರಿನಿ ರೂಪಿಸಿದ ಅಂಕಪಟ್ಟಿಯೊಂದು ಇಂಥ ಅಪಾಯವನ್ನು ಕೂಡಿಸಿ ನೋಡಲು ಬಳಕೆಯಲ್ಲಿದೆ. 45 ವರ್ಷದ, ತೂಕ ಸ್ವಲ್ಪ ಹೆಚ್ಚಿರುವ, ಗರ್ಭನಿರೋಧಕ ಗುಳಿಗೆ ನುಂಗುವ, ತಾಯಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದ ಮಹಿಳೆಯನ್ನು ಊಹಿಸಿಕೊಳ್ಳಿ. ವಯಸ್ಸಿಗೆ 1, ತೂಕಕ್ಕೆ 1, ಗುಳಿಗೆಗೆ 1, ತಾಯಿಯ ಚರಿತ್ರೆಗೆ 3, ಮುಕ್ಕಾಲು ಗಂಟೆ ಮೀರುವ ಶಸ್ತ್ರಚಿಕಿತ್ಸೆಗೆ 2, ಒಟ್ಟು 8. ಐಚ್ಛಿಕ ಶಸ್ತ್ರಚಿಕಿತ್ಸೆಯಲ್ಲಿ 7 ಮುಟ್ಟಿದರೇ ನಿಂತು ಯೋಚಿಸಬೇಕು. ಆಕೆ ಆರು ತಿಂಗಳು ತೆಗೆದುಕೊಂಡು ತೂಕ ಇಳಿಸಿದರೆ, ವೈದ್ಯರ ಸಲಹೆಯಂತೆ ಗುಳಿಗೆಯನ್ನು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸಿ ಬೇರೆ ವಿಧಾನಕ್ಕೆ ಹೋದರೆ ಎರಡು ಅಂಕ ಇಳಿಯುತ್ತವೆ. ತಾಯಿಯಿಂದ ಬಂದ 3 ಇಳಿಯುವುದಿಲ್ಲ. ಆಕೆಗೇ ಹಿಂದೊಮ್ಮೆ ಹೀಗಾಗಿದ್ದರೆ ಇನ್ನೂ 3 ಸೇರುತ್ತವೆ.

ಪರೀಕ್ಷೆಯ ಕಾಲವೂ ಇಲ್ಲಿ ನಿರ್ಣಾಯಕ. ಹೆಪ್ಪುಗಟ್ಟುವ ಒಲವು ಹೆಚ್ಚಿಸುವ ಫ್ಯಾಕ್ಟರ್ 5 ಲೈಡನ್ ಎಂಬ, 1994ರಲ್ಲಿ ಪತ್ತೆಯಾದ ವಂಶವಾಹಿ ದೋಷ ಯುರೋಪಿನವರಲ್ಲಿ ಹೆಚ್ಚು, ನಮ್ಮಲ್ಲಿ ಅಷ್ಟಿಲ್ಲ. ಇಲ್ಲಿ ಪ್ರೋಟೀನ್ ಸಿ, ಎಸ್ ಕೊರತೆಯನ್ನು ಮರೆಯದೆ ನೋಡಬೇಕು. ಅವುಗಳನ್ನು ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವಾಗ ಅಳೆದರೆ ಸುಳ್ಳೇ ಕಡಿಮೆ ತೋರುತ್ತವೆ, ಗರ್ಭಿಣಿಯರಲ್ಲಿ ಪ್ರೋಟೀನ್ ಎಸ್ ಸಹಜವಾಗಿಯೇ ಇಳಿದಿರುತ್ತದೆ. ಮತ್ತೆ ಮತ್ತೆ ಗರ್ಭಪಾತಕ್ಕೂ ಕಾರಣವಾಗುವ ಆಂಟಿಫಾಸ್ಫೊಲಿಪಿಡ್ ಕಾಯಿಲೆಯನ್ನು ಖಚಿತಪಡಿಸಲು ಕನಿಷ್ಠ 12 ವಾರಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಬೇಕು. ಮುಂದಿನ ತಿಂಗಳ ಮದುವೆಯೊಳಗೆ ಎಲ್ಲ ಮುಗಿಯಬೇಕು ಎಂಬ ಲೆಕ್ಕಕ್ಕೆ ಈ 12 ವಾರ ಹೊಂದುವುದಿಲ್ಲ, ಹೊಂದಿಸಲು ಹೋಗಲೂಬಾರದು. ಮದುವೆ, ಜಾತ್ರೆಯೆಂದು ಮುಟ್ಟು ಮುಂದೂಡುವ ಗುಳಿಗೆಯನ್ನು ವೈದ್ಯರನ್ನು ಕೇಳದೆ ನುಂಗುವ ಅಭ್ಯಾಸ ನಮ್ಮ ಕಡೆ ವ್ಯಾಪಕವಾಗಿದೆ. ಅದರಲ್ಲಿರುವ ನಾರ್‌ಎಥಿಸ್ಟೆರೋನ್ ಹೆಚ್ಚಿನ ಪ್ರಮಾಣದಲ್ಲಿ ದೇಹದೊಳಗೆ ಭಾಗಶಃ ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಹೆಪ್ಪುಗಟ್ಟುವ ಒಲವಿರುವವರು ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಅದನ್ನು ಮುಟ್ಟಬಾರದು. ಹಾಗೆಯೇ ಬೆಂಗಳೂರಿನಿಂದ ವಿಜಯಪುರಕ್ಕೆ ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಮಡಚಿ ಕೂತು ಬರುವುದು ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನದ ಕೆಲಸವಲ್ಲ. ಹೊಟ್ಟೆ, ಎದೆ, ಕೊಬ್ಬು ಎಲ್ಲವನ್ನೂ ಒಂದೇ ಸಲಕ್ಕೆ ಮಾಡಿಕೊಡುವ ಅಗ್ಗದ ಪ್ಯಾಕೇಜು ಇಂಥವರಿಗೆ ಅತ್ಯಂತ ದುಬಾರಿ ಆಯ್ಕೆ, ಏಕೆಂದರೆ ಅರಿವಳಿಕೆಯಲ್ಲಿ ಮಲಗುವ ಗಂಟೆಗಳು ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ.

ರಕ್ತ ತೆಳುವಾಗಿಸುವ ಔಷಧ ನುಂಗುವವರ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಸಂಧಿವಾತ ಜ್ವರದಿಂದ ಕವಾಟ ಕೆಟ್ಟು ಲೋಹದ ಕವಾಟ ಹಾಕಿಸಿಕೊಂಡವರು ಈ ಭಾಗದಲ್ಲಿ ಕಡಿಮೆಯಿಲ್ಲ. “ಗುಳಿಗಿ ನಾಲ್ಕು ದಿನ ಬಿಟ್ಟು ಬರ್ರಿ” ಎಂಬ ಮಾತು ಕೇಳಿ ಅವರು ಔಷಧ ನಿಲ್ಲಿಸಿದರೆ ಕವಾಟವೇ ಕಟ್ಟಿಕೊಳ್ಳಬಹುದು, ಮೆದುಳಿಗೆ ಹೆಪ್ಪು ಹೋಗಿ ಲಕ್ವ ಹೊಡೆಯಬಹುದು. ಕೂದಲಿಗಾಗಿ ಆ ಅಪಾಯ ತೆಗೆದುಕೊಳ್ಳಲು ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಕನಿಷ್ಠ ಆರು ತಿಂಗಳು, ಹೃದಯಾಘಾತವಾಗಿದ್ದರೆ ಒಂದು ವರ್ಷ, ಮುಂದೂಡಬಹುದಾದ ಯಾವುದೇ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕು.

ಇಷ್ಟೆಲ್ಲ ತಯಾರಿಯನ್ನು ಒಂದೇ ಏಟಿಗೆ ಕೆಡಿಸುವುದು ಮುಚ್ಚಿಡುವಿಕೆ. ಹುಡುಗಿಗೆ ರಕ್ತಸ್ರಾವದ ಕಾಯಿಲೆಯಿದೆ ಎಂದು ಗೊತ್ತಾದರೆ ಸಂಬಂಧ ತಪ್ಪೀತು ಎಂದು ಹೆದರುವ ತಂದೆತಾಯಿ, ಅದೇ ಸಂಬಂಧಕ್ಕಾಗಿ ಆಕೆಯ ಮೂಗು ತಿದ್ದಿಸಲು ಹೊರಟಾಗ ವೈದ್ಯರಿಂದಲೂ ಕಾಯಿಲೆಯನ್ನು ಮರೆಮಾಡುತ್ತಾರೆ. ಅವರ ಭಯಕ್ಕೆ ಕಾರಣ ಅವರೊಬ್ಬರೇ ಅಲ್ಲ, ಕಾಯಿಲೆಯನ್ನು ಕಳಂಕವೆಂದು ಎಣಿಸುವ ನಾವೆಲ್ಲರೂ ಅದರಲ್ಲಿ ಪಾಲುದಾರರು. ಆದರೂ ವೈದ್ಯರೊಂದಿಗೆ ಹೇಳಿದ್ದು ವೈದ್ಯರಲ್ಲೇ ಉಳಿಯಬೇಕು ಎಂಬುದು ಅವರ ವೃತ್ತಿಧರ್ಮ, ಆ ಭರವಸೆಯ ಮೇಲೆ ಎಲ್ಲವನ್ನೂ ಬಿಚ್ಚಿ ಹೇಳಲೇಬೇಕು. ಮತ್ತು ಮದುವೆಯ ಕಾರಣಕ್ಕೆ ಮನೆಯವರು ಒತ್ತಾಯಿಸುವ ಶಸ್ತ್ರಚಿಕಿತ್ಸೆಯನ್ನು, ಮೈ ಯಾರದೋ ಅವರು ಬೇಡವೆಂದರೆ, ಅಲ್ಲಿಗೇ ಬಿಡಬೇಕು.

ಮಾಡುವವರು ಯಾರು ಎಂಬುದನ್ನು ಆರೋಗ್ಯವಂತರೂ ನೋಡಬೇಕು, ಇವರಂತೂ ನೋಡಲೇಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡಾಗ, ‘ಸಣ್ಣ ಪ್ರೊಸೀಜರ್’ ಎಂಬ ಮಾತು ಎಷ್ಟು ಪೊಳ್ಳು ಎಂಬುದು ಇಡೀ ರಾಜ್ಯಕ್ಕೆ ಕಂಡಿತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿ ಸೇರಿದಂತೆ ಸೌಂದರ್ಯ ಶಸ್ತ್ರಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ತರಬೇತಿಯಾಗುವುದಿಲ್ಲ ಎಂದು ಸ್ಪಷ್ಟಪಡಿಸಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಕ್ಲಿನಿಕ್ಕೂ ನೋಂದಣಿಯಾಗಿರಬೇಕು, ಆ ಪ್ರಮಾಣಪತ್ರ ನೋಡಲು ಕೇಳುವುದು ರೋಗಿಯ ಹಕ್ಕು. ರಕ್ತಸ್ರಾವದ ದೋಷವಿದ್ದವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು: ರಕ್ತನಿಧಿ, ತೀವ್ರ ನಿಗಾ ಘಟಕ, ರಾತ್ರಿಯೂ ತೆರೆದಿರುವ ಪ್ರಯೋಗಾಲಯ ಇಲ್ಲದ ಕಟ್ಟಡದಲ್ಲಿ ಯಾವ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಳ್ಳಬಾರದು, ಮಾಡುವ ವೈದ್ಯರು ಎಷ್ಟೇ ನುರಿತವರಾಗಿದ್ದರೂ.

ರಕ್ತರೋಗ ತಜ್ಞರ ಸಲಹೆ ಈ ಎಲ್ಲಕ್ಕೂ ಮೂಲ, ಆದರೆ ಅವರು ದೊಡ್ಡ ನಗರಗಳಲ್ಲೇ ಹೆಚ್ಚು. ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಇಂಥ ರೋಗಿಗಳೊಂದಿಗೆ ದಶಕಗಳಿಂದ ಕೆಲಸ ಮಾಡುತ್ತ ಬಂದಿವೆ. ಒಮ್ಮೆ ಅಲ್ಲಿಗೆ ಹೋಗಿ, ದೋಷದ ಹೆಸರು, ಫ್ಯಾಕ್ಟರಿನ ಪ್ರಮಾಣ, ಇನ್‌ಹಿಬಿಟರ್ ಇದೆಯೋ ಇಲ್ಲವೋ, ಶಸ್ತ್ರಚಿಕಿತ್ಸೆಯಾದರೆ ಯಾವ ದಿನ ಏನು ಕೊಡಬೇಕು ಎಂಬುದನ್ನೆಲ್ಲ ಬರೆಸಿಕೊಂಡು ಬಂದರೆ ಆ ಕಾಗದ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಮಾತ್ರವಲ್ಲ, ಮುಂದೆಂದಾದರೂ ಎದುರಾಗುವ ಅಪಘಾತಕ್ಕೂ ಹೆರಿಗೆಗೂ ಉಪಯೋಗಕ್ಕೆ ಬರುತ್ತದೆ. ಮೂರೂ ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳು ತಿಂಗಳಿಗೊಮ್ಮೆಯಾದರೂ ಪ್ಲಾಸ್ಟಿಕ್ ಸರ್ಜನ್, ಅರಿವಳಿಕೆ ತಜ್ಞರು ಮತ್ತು ವಿಡಿಯೊ ಮೂಲಕ ರಕ್ತರೋಗ ತಜ್ಞರು ಒಟ್ಟಿಗೆ ಕೂತು ರೋಗಿಯನ್ನು ನೋಡುವ ಹೊರರೋಗಿ ವಿಭಾಗ ನಡೆಸಿದರೆ, ಸಿಂದಗಿಯಿಂದಲೋ ಜಮಖಂಡಿಯಿಂದಲೋ ಬರುವವರು ‘ಬೇಡ’ ಎಂಬ ಮಾತನ್ನಾದರೂ ‘ಮಾಡಬಹುದು’ ಎಂಬ ಮಾತನ್ನಾದರೂ ಕಾರಣಸಹಿತ ಕೇಳಿಕೊಂಡು ಹೋಗಬಹುದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಇರುವ ವೈದ್ಯರು ಒಂದು ಮಧ್ಯಾಹ್ನವನ್ನು ಎತ್ತಿಟ್ಟರೆ ಸಾಕು.